ಎಲೆ ತಿಂದವರು ಯಾರು? ಮಳೆಗಾಲದ ಹಿತ್ತಿಲಿನ ಹುಳಗಳ ಕತೆ

ಆಟಿಯ ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಎರಡು ಬಗೆಯ ಫೋಟೊ ಬರಲು ಶುರುವಾಗುತ್ತದೆ. ಒಂದು ಪತ್ರೊಡೆಯದ್ದು. ಇನ್ನೊಂದು ತೂತು ಬಿದ್ದ ಎಲೆಯದ್ದು. ಈ ಸಲ ಮಣಿಪಾಲದ ಚಿಕ್ಕಮ್ಮ ಕಳಿಸಿದ ಬೆಂಡೆ ಎಲೆ ಜರಡಿಯ ಹಾಗಿತ್ತು. ಸುರತ್ಕಲ್‌ನಲ್ಲಿರುವ ಅಣ್ಣನ ಅಲಸಂಡೆ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಇಲ್ಲ. ಚೌತಿಗೆ ಇನ್ನು ಮೂರೇ ವಾರ, ಹಿತ್ತಿಲಿನ ತರಕಾರಿಯಲ್ಲೇ ಅಡುಗೆ ಆಗಬೇಕು ಅಂತ ಎಲ್ಲರಿಗೂ ಆಸೆ. ಹಾಗಾಗಿ ಎಲ್ಲರದ್ದೂ ಒಂದೇ ಪ್ರಶ್ನೆ: "ಇದಕ್ಕೆ ಯಾವ ಮದ್ದು ಬಿಡುವುದು?"

ಮದ್ದಿನ ಹೆಸರು ಹೇಳುವುದು ಸುಲಭ. ಆದರೆ ಅದಕ್ಕಿಂತ ಮೊದಲು ಗೊತ್ತಾಗಬೇಕಾದದ್ದು ಎರಡಿದೆ. ತಿನ್ನುತ್ತಿರುವುದು ಯಾರು? ಅದಕ್ಕೆ ಈಗ ಎಷ್ಟು ವಯಸ್ಸು?

ಹುಳ ಅಂದರೆ ಮಗು

ತುಳುವಿನಲ್ಲಿ ನಾವು ಎಲ್ಲದಕ್ಕೂ "ಪುರಿ" ಅಂದುಬಿಡುತ್ತೇವೆ. ಅಕ್ಕಿಯಲ್ಲಿ ಆದದ್ದೂ ಪುರಿ, ಹಾಗಲಕಾಯಿಯ ಒಳಗಿರುವುದೂ ಪುರಿ, ಎಲೆ ಮೇಲೆ ಹರಿಯುವುದೂ ಪುರಿ. ತೋಟದ ಮಟ್ಟಿಗೆ ಇದರಿಂದ ಗೊಂದಲ ಜಾಸ್ತಿ. ಇಲ್ಲಿ ನಾವು ಮಾತಾಡುತ್ತಿರುವುದು ಚಿಟ್ಟೆ ಅಥವಾ ಪತಂಗದ ಮರಿಯ ಬಗ್ಗೆ. ಪತಂಗ ಅಂದರೆ ರಾತ್ರಿ ಟ್ಯೂಬ್‌ಲೈಟಿನ ಸುತ್ತ ಸುತ್ತುವ, ಮಬ್ಬು ಬಣ್ಣದ ರೆಕ್ಕೆಯ ಹುಳ. ನಮ್ಮ ತರಕಾರಿ ತಿನ್ನುವ ಮರಿಗಳಲ್ಲಿ ಹೆಚ್ಚಿನವು ಚಿಟ್ಟೆಯವಲ್ಲ, ಇಂಥ ಪತಂಗದವು.

ಇವುಗಳ ಜೀವನ ನಾಲ್ಕು ಹಂತದ್ದು: ಮೊಟ್ಟೆ, ಹುಳ, ಕೋಶ, ಪತಂಗ. ನಮ್ಮ ಕರಾವಳಿಯ ಸೆಕೆಯಲ್ಲಿ ಹೆಚ್ಚಿನವಕ್ಕೆ ಈ ಇಡೀ ಸುತ್ತು ಮುಗಿಯಲು ಸುಮಾರು ಒಂದು ತಿಂಗಳು ಸಾಕು. ದೊಡ್ಡ ಪತಂಗ ಎಲೆ ತಿನ್ನುವುದಿಲ್ಲ. ಅದಕ್ಕೆ ಕಚ್ಚುವ ಬಾಯಿಯೇ ಇಲ್ಲ, ಇರುವುದು ಹೂವಿನ ರಸ ಹೀರುವ ಕೊಳವೆ ಮಾತ್ರ. ಕೋಶದ ಹಂತದಲ್ಲಿ ಊಟವೇ ಇಲ್ಲ. ಅಂದರೆ ತಿನ್ನುವ ಕೆಲಸವೆಲ್ಲ ಒಂದೇ ಹಂತದಲ್ಲಿ ಮುಗಿಯಬೇಕು, ಮುಂದಿನ ಎರಡು ಹಂತಕ್ಕೆ ಬೇಕಾದ ಬಂಡವಾಳವನ್ನೂ ಈಗಲೇ ಕೂಡಿಡಬೇಕು. ಹುಳ ಅಷ್ಟೊಂದು ತಿನ್ನುವುದು ಅದಕ್ಕೇ.

"ನಿನ್ನೆ ಸರಿ ಇತ್ತು, ಇವತ್ತು ನೋಡಿದರೆ ಎಲೆಯೇ ಇಲ್ಲ"

ಈ ಮಾತು ಕೇಳದ ಮನೆ ಇಲ್ಲ. ನಿಜ ಏನೆಂದರೆ, ನಿನ್ನೆಯೂ ಸರಿ ಇರಲಿಲ್ಲ.

ಮೊಟ್ಟೆಯೊಡೆದು ಬಂದ ಮರಿ ಒಂದೆರಡು ಮಿಲಿಮೀಟರ್ ಉದ್ದ ಇದ್ದರೆ ಹೆಚ್ಚು. ಕನ್ನಡಕ ಇಲ್ಲದೆ ನಮ್ಮ ಅಮ್ಮನ ಕಣ್ಣಿಗೆ ಖಂಡಿತ ಬೀಳುವುದಿಲ್ಲ. ಇದರ ಚರ್ಮ ಹಿಗ್ಗುವಂಥದ್ದಲ್ಲ. ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮ್ ಡಿಸೆಂಬರ್ ಹೊತ್ತಿಗೆ ಬಿಗಿಯಾಗುತ್ತದಲ್ಲ, ಹಾಗೆ. ಬಿಗಿಯಾದಾಗ ಹಳೆಯದನ್ನು ಕಳಚಿ ದೊಡ್ಡ ಅಳತೆಯದ್ದಕ್ಕೆ ಹೋಗುತ್ತದೆ. ನಾಲ್ಕೈದು ಸಲ ಹೀಗೆ ಪೊರೆ ಬಿಟ್ಟು, ಕೊನೆಗೆ ಕೆಲವು ಜಾತಿಯವು 4 ಸೆಂಟಿಮೀಟರ್ ತನಕ ಬೆಳೆಯುತ್ತವೆ. ಜೀವನದಲ್ಲಿ ಒಟ್ಟು ತಿನ್ನುವುದರಲ್ಲಿ ಬಹುಪಾಲು ಕೊನೆಯ ಪೊರೆಯಲ್ಲಿ ಇರುವಾಗಲೇ, ಅಂದರೆ ಕೊನೆಯ ನಾಲ್ಕೈದು ದಿನದಲ್ಲಿ. ಅದಕ್ಕಿಂತ ಮೊದಲಿನ ಹತ್ತು ದಿನ ಅವು ನಮ್ಮ ಕಣ್ಣೆದುರೇ ಇದ್ದವು. ನಾವು ಎಲೆಯ ಮೇಲ್ಭಾಗ ಮಾತ್ರ ನೋಡುತ್ತಿದ್ದೆವು, ಅವು ಅಡಿಯಲ್ಲಿದ್ದವು.

ಹಾಗಾಗಿ ಹುಳ ದೊಡ್ಡದಾಗಿ ಕಂಡ ದಿನ ಓಡಿಹೋಗಿ ಮದ್ದು ತಂದರೆ ತಡವಾಗಿದೆ ಅಂತಲೇ ಅರ್ಥ. ದೊಡ್ಡ ಹುಳ ಸುಲಭಕ್ಕೆ ಸಾಯುವುದೂ ಇಲ್ಲ. ಇನ್ನು ಎರಡು ದಿನ ಕಳೆದರೆ ಅದೇ ತಿನ್ನುವುದನ್ನು ನಿಲ್ಲಿಸಿ ಮಣ್ಣಿಗೋ ಸುರುಳಿ ಎಲೆಯೊಳಗೋ ಹೋಗಿ ಕೋಶವಾಗುತ್ತದೆ. ಆಗ ನಾವು "ಮದ್ದು ಒಳ್ಳೆ ಕೆಲಸ ಮಾಡಿತು" ಅಂತ ಖುಷಿಪಡುತ್ತೇವೆ!

ಮೊದಲು ಕಾಲು ನೋಡಿ

ಇದನ್ನು ನಾನು ಕಲಿತದ್ದು ದುಡ್ಡು ಕೊಟ್ಟು. ಎರಡು ವರ್ಷದ ಹಿಂದೆ ನನ್ನ ಮುಳ್ಳುಸೌತೆಯ ಎಳೆ ಕಾಯಿಗಳೆಲ್ಲ ಡೊಂಕಾಗಿ, ಹಳದಿಯಾಗಿ, ಕೊಳೆತು ಬೀಳುತ್ತಿದ್ದವು. ಒಳಗೆ ಬಿಳಿ ಹುಳ. ಹುಳಕ್ಕೆ ಅಂತ ಅಂಗಡಿಯಿಂದ ಡಬ್ಬಿ ತಂದು ಮೂರು ಸಲ ಬಿಟ್ಟೆ, ಏನೂ ಆಗಲಿಲ್ಲ. ಕೊನೆಗೆ ಒಂದು ಕಾಯಿ ಕೊಯ್ದು ಹುಳವನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿದೆ. ಕಾಲಿಲ್ಲ, ತಲೆ ಅಂತ ಹೇಳುವಂಥದ್ದೂ ಇಲ್ಲ, ನೋಡುತ್ತಿದ್ದ ಹಾಗೆ ಬಿಲ್ಲಿನ ಹಾಗೆ ಬಾಗಿ ಟಪಕ್ಕನೆ ಹಾರಿತು.

ಅದು ಹಣ್ಣುನೊಣದ ಮರಿ. ಪತಂಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನೊಣ ಎಳೆಕಾಯಿಗೆ ಸೂಜಿಯ ಹಾಗೆ ಚುಚ್ಚಿ ಒಳಗೇ ಮೊಟ್ಟೆ ಇಡುತ್ತದೆ. ಮೇಲಿನಿಂದ ಏನು ಬಿಟ್ಟರೂ ಒಳಗಿನವಕ್ಕೆ ತಾಗುವುದಿಲ್ಲ. ಹೂವು ಬಾಡಿದ ಕೂಡಲೇ ಕಾಯಿಗೆ ಕಾಗದದ ಚೀಲವನ್ನೋ ಹಳೆ ಬಟ್ಟೆಯನ್ನೋ ಕಟ್ಟುವುದು, ಬಿದ್ದ ಕಾಯಿಗಳನ್ನು ಆಳದಲ್ಲಿ ಹೂಳುವುದು, ಗಂಡು ನೊಣಗಳನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ನೇತುಹಾಕುವುದು ಇದರ ದಾರಿ. ಹಾಗಲ, ಹೀರೆ, ಸಾಂಬಾರ್ ಸೌತೆಗೂ ಇದೇ.

ಪತಂಗದ ಮರಿಗೆ ಗಟ್ಟಿ ತಲೆ ಇರುತ್ತದೆ. ಎದೆಯ ಹತ್ತಿರ ಮೂರು ಜೊತೆ ನಿಜವಾದ ಕಾಲು, ಹೊಟ್ಟೆಯ ಅಡಿಯಲ್ಲಿ ಎರಡರಿಂದ ಐದು ಜೊತೆ ಮೆತ್ತಗಿನ ಗಿಡ್ಡ ಕಾಲು. ಫೋಟೊ ತೆಗೆದು ದೊಡ್ಡದು ಮಾಡಿದರೆ ಎಣಿಸಬಹುದು. ಅರ್ಧ ನಿಮಿಷದ ಕೆಲಸ, ನನ್ನ ಮೂರು ಸ್ಪ್ರೇ ಉಳಿಯುತ್ತಿತ್ತು.

ಯಾವ ಗಿಡದಲ್ಲಿ ಯಾರಿರುತ್ತಾರೆ

ಬೆಂಡೆಯಿಂದ ಶುರು ಮಾಡೋಣ. ನಮ್ಮ ಕಡೆ ಬೆಂಡೆಗೆ ಬರುವವರು ಮುಖ್ಯವಾಗಿ ಇಬ್ಬರು. ಒಬ್ಬ ಬೀಡಿ ಕಟ್ಟುವವನು. ಎಲೆಯನ್ನು ಥೇಟ್ ಬೀಡಿಯ ಹಾಗೆ ಸುರುಳಿ ಸುತ್ತಿ, ತನ್ನದೇ ನೂಲಿನಿಂದ ಕಟ್ಟಿ, ಒಳಗೆ ಕೂತು ನಿಧಾನಕ್ಕೆ ತಿನ್ನುತ್ತಾನೆ. ಬಿಡಿಸಿ ನೋಡಿದರೆ ಹೊಳೆಯುವ ಹಸಿರು ಹುಳ, ಸುತ್ತ ಕಪ್ಪು ಹಿಕ್ಕೆ. ಇವನ ಮೇಲೆ ಮದ್ದು ಬಿಟ್ಟರೆ ಸುರುಳಿಯ ಹೊರಗೇ ಹರಿದುಹೋಗುತ್ತದೆ. ಸುಮ್ನೆ ಎರಡು ಬೆರಳಿನಲ್ಲಿ ಸುರುಳಿಯನ್ನು ಹಿಚುಕಿದರೆ ಕೆಲಸ ಮುಗಿಯಿತು. ಇನ್ನೊಬ್ಬ ಕಾಯಿಕೊರಕ. ಗಿಡ ಸಣ್ಣದಿರುವಾಗ ತುದಿಯ ಕುಡಿಯೊಳಗೆ ನುಗ್ಗುತ್ತಾನೆ, ಕುಡಿ ಬಾಡಿ ಜೋತು ಬೀಳುತ್ತದೆ. ಕಾಯಿ ಬಂದ ಮೇಲೆ ಕಾಯಿಯೊಳಗೆ. ಬಾಡಿದ ಕುಡಿಯನ್ನು ಎರಡು ಬೆರಳು ಕೆಳಗಿನಿಂದ ಚಿವುಟಬೇಕು. ತೂತಾದ ಕಾಯಿಯನ್ನು "ಅರ್ಧ ಚೆನ್ನಾಗಿದೆ ಅಲ್ವಾ" ಅಂತ ಗಿಡದಲ್ಲೇ ಬಿಡಬಾರದು. ಹಾಲು ಬೆಂಡೆಗೂ ಹಸಿರು ಬೆಂಡೆಗೂ ಇದರಲ್ಲಿ ವಿನಾಯಿತಿ ಇಲ್ಲ.

ಅಲಸಂಡೆಯಲ್ಲಿ ಹೂವು ಇದ್ದು ಕಾಯಿ ಇಲ್ಲದಿದ್ದರೆ ಹೂವನ್ನು ಬಿಡಿಸಿ ನೋಡಿ. ಮೈಮೇಲೆ ಜೊತೆ ಜೊತೆ ಕಪ್ಪು ಚುಕ್ಕೆ ಇರುವ ಸಣ್ಣ ಹುಳ ಹೂವು, ಮೊಗ್ಗು, ಎಳೆಕಾಯಿ ಎಲ್ಲವನ್ನೂ ನೂಲಿನಿಂದ ಒಟ್ಟಿಗೆ ಹೆಣೆದು ಒಳಗೆ ಮನೆ ಮಾಡಿಕೊಂಡಿರುತ್ತದೆ. ಅಣ್ಣನ ಬಳ್ಳಿಯಲ್ಲಿ ಆದದ್ದು ಇದೇ. ಅವನು ಮಳೆಗೆ ಹೂವು ಉದುರುತ್ತಿದೆ ಅಂತ ಹದಿನೈದು ದಿನ ಸುಮ್ಮನಿದ್ದ.

ಹರಿವೆಯಲ್ಲಿ ಎಲೆ ಮಡಚಿ ಅಂಟಿಸುವ ಹಸಿರು ಹುಳ. ಹರಿವೆ ಹೇಗೂ ಒಂದು ತಿಂಗಳ ಬೆಳೆ, ಮಡಚಿದ ಎಲೆ ಕಾಣತೊಡಗಿದರೆ ಬೇಗ ಕಿತ್ತು ಪಲ್ಯ ಮಾಡುವುದೇ ಜಾಣತನ. ಪಡುವಲದ ಎಲೆಯಲ್ಲಿ ಗೇಣು ಹಾಕಿ ಜಾಗ ಅಳೆದ ಹಾಗೆ ಬೆನ್ನು ಎತ್ತಿ ಎತ್ತಿ ನಡೆಯುವ ಹಸಿರು ಹುಳ ಸಿಕ್ಕುತ್ತದೆ, ಎಲೆಯ ಅಂಚನ್ನು ಕತ್ತರಿಸಿ ತನ್ನ ಮೇಲೆಯೇ ಹೊದ್ದುಕೊಂಡಿರುತ್ತದೆ. ಸೌತೆ ಜಾತಿಯ ಬಳ್ಳಿಗಳಲ್ಲಿ ಬೆನ್ನ ಮೇಲೆ ಎರಡು ಬಿಳಿ ಗೆರೆ ಎಳೆದುಕೊಂಡ ಇನ್ನೊಂದು ಹಸಿರು ಹುಳ ಇದೆ. ಅದು ಎಲೆ ಮುಗಿಸಿ ಎಳೆಕಾಯಿಯ ಸಿಪ್ಪೆಗೂ ಬಾಯಿ ಹಾಕುತ್ತದೆ.

ಇವರೆಲ್ಲರಿಗಿಂತ ಹೊಟ್ಟೆಬಾಕ ಬೇರೆ ಇದ್ದಾನೆ: ಸ್ಪೊಡಾಪ್ಟೆರಾ. ಬಸಳೆ, ಕೆಸು, ಬದನೆ, ಬಾಳೆ, ಯಾವುದೂ ಆಗದು ಅನ್ನುವುದಿಲ್ಲ. ಹಗಲು ಗಿಡದ ಬುಡದ ಮಣ್ಣಿನಲ್ಲಿ ಅಡಗಿ, ರಾತ್ರಿ ಹತ್ತಿ ತಿನ್ನುತ್ತಾನೆ. ಎಲೆ ಖಾಲಿಯಾಗುತ್ತಿದೆ, ಹಗಲು ಒಂದು ಹುಳವೂ ಕಾಣುವುದಿಲ್ಲ ಎಂದಾದರೆ ರಾತ್ರಿ ಎಂಟು ಗಂಟೆಯ ಮೇಲೆ ಟಾರ್ಚ್ ಹಿಡಿದು ಹೋಗಿ. ಚಿಕ್ಕಮ್ಮನ ಜರಡಿ ಎಲೆಯೂ ಇವನ ಮರಿಗಳ ಕೆಲಸವೇ. ತಾಯಿ ಪತಂಗ ಎಲೆಯ ಅಡಿಯಲ್ಲಿ ನೂರಾರು ಮೊಟ್ಟೆಗಳನ್ನು ಒಂದೇ ಗುಡ್ಡೆಯಾಗಿ ಇಟ್ಟು, ತನ್ನ ಮೈಯ ಕಂದು ರೋಮವನ್ನು ಮೇಲೆ ಹೊದಿಸುತ್ತದೆ. ನೋಡಲು ತೆಂಗಿನ ನಾರಿನ ಚೂರು ಅಂಟಿದ ಹಾಗೆ ಕಾಣುತ್ತದೆ. ಒಡೆದ ಮರಿಗಳು ಎರಡು ಮೂರು ದಿನ ಒಟ್ಟಿಗೇ ಇದ್ದು ಎಲೆಯ ಹಸಿರನ್ನು ಕೆರೆಯುತ್ತವೆ, ಎಲೆ ತೆಳು ಕಾಗದದ ಹಾಗೆ ಆಗುತ್ತದೆ. ಆಮೇಲೆ ಇಡೀ ಹಿತ್ತಿಲಿಗೆ ಚದುರುತ್ತವೆ. ಚದುರುವ ಮೊದಲು ಆ ಒಂದು ಎಲೆ ಕಿತ್ತರೆ ನೂರಾರು ಹುಳ ಹೋದ ಹಾಗೆ. ಚದುರಿದ ಮೇಲೆ ಒಂದೊಂದನ್ನೇ ಹುಡುಕಬೇಕು.

ಗುಳ್ಳದ ಒಳಗೆ

ಬದನೆಗೆ ಬೇರೆಯೇ ಶೀರ್ಷಿಕೆ ಕೊಡಬೇಕು, ಅದರಲ್ಲೂ ಉಡುಪಿಯಲ್ಲಿ ಕೂತು ಬರೆಯುವಾಗ. ಕಟಪಾಡಿ ಹತ್ತಿರದ ಮಟ್ಟು ಊರಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ವಾದಿರಾಜರು ಬೀಜ ಕೊಟ್ಟದ್ದು ಅನ್ನುವ ನಂಬಿಕೆ ನಮಗೆಲ್ಲ ಗೊತ್ತೇ ಇದೆ. ಆದರೆ ಕುಡಿ ಮತ್ತು ಕಾಯಿಕೊರಕ ಹುಳಕ್ಕೆ ಇದು ಯಾವುದೂ ಲೆಕ್ಕಕ್ಕಿಲ್ಲ.

ಗುಳ್ಳವನ್ನು ಕೈಯಲ್ಲಿ ಹಿಡಿದು ತೊಟ್ಟಿನ ಸುತ್ತ ನೋಡಿ. ಸೂಜಿಮೊನೆಯಷ್ಟು ಒಂದು ಕಂದು ಚುಕ್ಕೆ ಇದ್ದರೆ ಅದು ಮರಿ ಒಳಗೆ ಹೋದ ಜಾಗ. ಆಮೇಲೆ ಗಾಯ ಮಾಯ್ದು ಮುಚ್ಚಿಹೋಗುತ್ತದೆ, ಹೊರಗಿನಿಂದ ಕಾಯಿ ಚಂದವೇ ಇರುತ್ತದೆ. ಕೊಯ್ದಾಗ ತಿರುಳಿನಲ್ಲಿ ಕಪ್ಪು ಸುರಂಗ, ಅದರ ತುಂಬ ಹಿಕ್ಕೆ, ಕೊನೆಯಲ್ಲಿ ನಸುಗೆಂಪು ಬಣ್ಣದ ಹುಳ. ಕಾಯಿಯ ಮೇಲೆ ದೊಡ್ಡ ತೂತು ಕಂಡರೆ ಅದು ಒಳಗೆ ಹೋದದ್ದಲ್ಲ, ಊಟ ಮುಗಿಸಿ ಹೊರಗೆ ಬಂದದ್ದು.

ಮೊಟ್ಟೆಯೊಡೆದ ಮೇಲೆ ಈ ಹುಳ ಹೊರಗೆ ಇರುವುದು ಕೆಲವೇ ಗಂಟೆ. ಒಮ್ಮೆ ಒಳಗೆ ಹೋಯಿತೆಂದರೆ ಯಾವ ಮದ್ದಿಗೂ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಉಪಾಯ ಕತ್ತರಿಸುವುದೇ. ವಾರಕ್ಕೆ ಎರಡು ಸಲ ಬಾಡಿದ ಕುಡಿ, ಹುಳ ಬಿದ್ದ ಕಾಯಿ ಎಲ್ಲ ತೆಗೆದು ಹೂಳಬೇಕು. ಗೊಬ್ಬರದ ಗುಂಡಿಗೆ ಮೇಲಿಂದ ಎಸೆದರೆ ಹುಳ ಅಲ್ಲೇ ಕೋಶವಾಗಿ ಪತಂಗವಾಗಿ ವಾಪಸ್ ಬರುತ್ತದೆ. ಬದನೆ ಜಾಸ್ತಿ ಹಾಕುವವರು ಇದಕ್ಕೂ ಮೋಹಕ ಬಲೆ ಕಟ್ಟುತ್ತಾರೆ. ಅದರಲ್ಲಿ ಹೆಣ್ಣು ಪತಂಗದ ವಾಸನೆ ಇರುತ್ತದೆ, ಗಂಡು ಬಂದು ಸಿಕ್ಕಿಬೀಳುತ್ತದೆ.

ನಮ್ಮ ಮಳೆಯಲ್ಲಿ ಮದ್ದಿಗಿಂತ ಗೆರಟೆ ಮೇಲು

ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಡಿಕೆಗೆ ಬೋರ್ಡೊ ಬಿಡಿಸಿದವರಿಗೆ ಎರಡು ದಿನದ ಬಿಸಿಲು ಹುಡುಕುವ ಕಷ್ಟ ಗೊತ್ತು. ತರಕಾರಿಯ ಎಲೆಯ ಮೇಲೆ ಬಿಡುವ ಮದ್ದಿನದ್ದೂ ಅದೇ ಪಾಡು. ಅಂದಹಾಗೆ, ತೋಟಕ್ಕೆ ಬಿಟ್ಟು ಉಳಿದ ಬೋರ್ಡೊವನ್ನು ಬೆಂಡೆಗೆ ಹೊಡೆಯುವವರು ಇದ್ದಾರೆ. ಅದು ಕೊಳೆರೋಗದ ಶಿಲೀಂಧ್ರಕ್ಕೆ ಇರುವ ಮದ್ದು, ಹುಳ ಅದರಿಂದ ಸಾಯುವುದಿಲ್ಲ.

ಹತ್ತು ಇಪ್ಪತ್ತು ಗಿಡದ ಹಿತ್ತಿಲಿಗೆ ಹೆಕ್ಕುವುದೇ ಸರಿ. ಮೊಟ್ಟೆ ಒಡೆಯಲು ಮೂರ್ನಾಲ್ಕು ದಿನ ಬೇಕು. ಎರಡು ದಿನಕ್ಕೊಮ್ಮೆ ಎಲೆ ಮಗುಚಿ ನೋಡಿದರೆ ಮೊಟ್ಟೆಯ ಹಂತದಲ್ಲೇ ಹೆಚ್ಚಿನವು ಸಿಕ್ಕುತ್ತವೆ. ಒಂದು ತೆಂಗಿನ ಗೆರಟೆಯಲ್ಲಿ ನೀರು, ಅದಕ್ಕೆ ಚೂರು ಪಾತ್ರೆ ತೊಳೆಯುವ ಸೋಪು. ಹೆಕ್ಕಿದ್ದನ್ನು ಅದಕ್ಕೆ ಹಾಕುವುದು. ಬರೀ ನೀರಿಗೆ ಹಾಕಿದರೆ ಹುಳ ತೇಲಿ ಅಂಚು ಹತ್ತಿ ಬರುತ್ತದೆ. ಹುಳ ಉಸಿರಾಡುವುದು ಮೈಯ ಬದಿಯಲ್ಲಿರುವ ಸಣ್ಣ ತೂತುಗಳಿಂದ. ಸೋಪು ಸೇರಿದ ನೀರು ಆ ತೂತುಗಳ ಒಳಗೆ ಇಳಿಯುತ್ತದೆ, ಬರೀ ನೀರು ಇಳಿಯುವುದಿಲ್ಲ. ಹುಳ ಕಾಣದಿದ್ದರೆ ಹಿಕ್ಕೆ ಹುಡುಕಿ. ಎಲೆಯ ಮೇಲೆ ಕಪ್ಪು ಸಾಸಿವೆಯಂಥ ಕಾಳು ಬಿದ್ದಿದ್ದರೆ ಅದರ ನೇರ ಮೇಲಿನ ಎಲೆಯ ಅಡಿಯಲ್ಲಿ ಯಜಮಾನರು ಇರುತ್ತಾರೆ.

ಬಿಟಿ, ಬೇವು, ಬೂದಿ

ಮಳೆ ಬಿಟ್ಟ ಮೇಲೆ, ಅಥವಾ ಹೆಕ್ಕಿ ಮುಗಿಯದಷ್ಟು ಆದಾಗ, ಮದ್ದಿನ ಮಾತು. ಇದರಲ್ಲಿ ಅರ್ಥ ಮಾಡಿಕೊಳ್ಳಬೇಕಾದದ್ದು ಬಿಟಿ. ಪೂರ್ಣ ಹೆಸರು ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಮಣ್ಣಿನಲ್ಲಿ ಸಿಗುವ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನಲ್ಲಿ ರೇಷ್ಮೆಹುಳಗಳು ಸಾಯುತ್ತಿದ್ದ ಕಾರಣ ಹುಡುಕುವಾಗ ಇದು ಸಿಕ್ಕಿತು. ಹತ್ತು ವರ್ಷದ ನಂತರ ಜರ್ಮನಿಯ ಥುರಿಂಜಿಯಾದಲ್ಲಿ ಹಿಟ್ಟಿನ ಪತಂಗದ ಮರಿಯಲ್ಲಿ ಸಿಕ್ಕಿ, ಆ ಊರಿನ ಹೆಸರು ಬಂತು. ರೇಷ್ಮೆಹುಳವೂ ಪತಂಗದ ಮರಿಯೇ ಅಲ್ವಾ, ಹಾಗಾಗಿ ಘಟ್ಟದ ಮೇಲೆ ರೇಷ್ಮೆ ಸಾಕುವ ನೆಂಟರ ಮನೆಗೆ ಈ ಡಬ್ಬಿ ಒಯ್ಯಬೇಡಿ.

ಇದು ಕೆಲಸ ಮಾಡುವ ರೀತಿ ಸ್ವಾರಸ್ಯವಾಗಿದೆ. ಬ್ಯಾಕ್ಟೀರಿಯಾದೊಳಗೆ ಹರಳಿನಂಥ ಒಂದು ಪ್ರೋಟೀನ್ ಇರುತ್ತದೆ. ನಮ್ಮ ಹೊಟ್ಟೆಯೊಳಗೆ ಪುನರ್ಪುಳಿ ಸಾರಿನ ಹಾಗೆ ಹುಳಿ, ಅಲ್ಲಿ ಈ ಪ್ರೋಟೀನ್ ಮಾಮೂಲು ಪ್ರೋಟೀನಿನ ಹಾಗೆ ಜೀರ್ಣವಾಗಿ ಹೋಗುತ್ತದೆ. ಹುಳದ ಹೊಟ್ಟೆ ತದ್ವಿರುದ್ಧ, ಸುಣ್ಣದ ತಿಳಿನೀರಿನ ಹಾಗೆ ಕ್ಷಾರ. ಅಲ್ಲಿ ಹರಳು ಕರಗಿ ವಿಷವಾಗಿ ಕರುಳಿನ ಗೋಡೆಗೆ ತೂತು ಹಾಕುತ್ತದೆ. ಹುಳ ಕೆಲವು ಗಂಟೆಯಲ್ಲಿ ತಿನ್ನುವುದನ್ನು ನಿಲ್ಲಿಸುತ್ತದೆ, ಸಾಯಲು ಎರಡು ಮೂರು ದಿನ. ಮರುದಿನವೂ ಹುಳ ಎಲೆ ಮೇಲೆ ಕಂಡರೆ ಮದ್ದು ಕೆಲಸ ಮಾಡಲಿಲ್ಲ ಅಂತ ಇನ್ನೊಮ್ಮೆ ಬಿಡಬೇಡಿ.

ಇದು ತಿಂದರೆ ಮಾತ್ರ ಕೆಲಸ, ಮೈಗೆ ತಾಗಿದರೆ ಏನೂ ಆಗುವುದಿಲ್ಲ. ಹಾಗಾಗಿ ಎಲೆಯ ಅಡಿಗೂ ತಾಗುವಂತೆ ಬಿಡಬೇಕು, ಹುಳ ಸಣ್ಣದಿರುವಾಗಲೇ ಬಿಡಬೇಕು. ಬಿಸಿಲಿಗೆ ಬೇಗ ಹಾಳಾಗುವುದರಿಂದ ಸಂಜೆ ಬಿಡಬೇಕು. ಎಷ್ಟು ಹಾಕುವುದು ಅನ್ನುವುದಕ್ಕೆ ಡಬ್ಬಿಯ ಮೇಲೆ ಬರೆದದ್ದೇ ಪ್ರಮಾಣ. ಇದೇ ಪ್ರೋಟೀನನ್ನು ಗಿಡವೇ ತಯಾರಿಸುವ ಹಾಗೆ ಮಾಡಿದ್ದು ಬಿಟಿ ಬದನೆ, ಅದನ್ನು 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಡೆಹಿಡಿಯಿತು. ಡಬ್ಬಿಯಲ್ಲಿ ಸಿಗುವ ಬಿಟಿಯಲ್ಲಿ ಗಿಡದ ವಂಶವಾಹಿ ಬದಲಾಗುವ ವಿಷಯವೇ ಇಲ್ಲ. ಹೆಸರು ಒಂದೇ ಆದ್ದರಿಂದ ಜನ ಗಾಬರಿಯಾಗುತ್ತಾರೆ, ಅಷ್ಟೆ.

ಬೇವು ಅಂದರೆ ಇಲ್ಲಿ ಕಹಿಬೇವು. ನಮ್ಮೂರಲ್ಲಿ ಬೇವಿನಸೊಪ್ಪು ಅಂದರೆ ಒಗ್ಗರಣೆಯದ್ದು, ಆ ಕಷಾಯ ಬಿಟ್ಟು ಪ್ರಯೋಜನವಿಲ್ಲ. ಕಹಿಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಲೆಯ ರುಚಿ ಕೆಡಿಸುತ್ತದೆ, ಹುಳ ಪೊರೆ ಬಿಡುವುದಕ್ಕೆ ಅಡ್ಡಿಯಾಗುತ್ತದೆ. ಯೂನಿಫಾರ್ಮ್ ಬದಲಾಯಿಸಲಾಗದೆ ಹುಳ ಅಲ್ಲೇ ಸಾಯುತ್ತದೆ. ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳಿನ ಪುಡಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸೋಪು ಸೇರಿಸಿ ಬಿಡುವುದು ಹಳೆಯ ಕ್ರಮ. ಎಣ್ಣೆಯಾದರೆ ಲೀಟರಿಗೆ 5 ಮಿಲಿ, ಮೊದಲು ಸೋಪಿನಲ್ಲಿ ಕಲಸಿಕೊಳ್ಳಬೇಕು, ಇಲ್ಲದಿದ್ದರೆ ಮೇಲೆ ತೇಲುತ್ತದೆ. ಉರಿಬಿಸಿಲಿಗೆ ಬಿಟ್ಟರೆ ಎಲೆ ಸುಟ್ಟುಹೋಗುತ್ತದೆ.

ಬಚ್ಚಲು ಒಲೆಯ ಬೂದಿ ಬೆಳಗಿನ ಇಬ್ಬನಿಗೆ ಎಲೆಗೆ ಅಂಟಿ ಸಣ್ಣ ಹುಳಗಳಿಗೆ ಕಿರಿಕಿರಿ ಮಾಡುತ್ತದೆ. ಒಂದು ಮಳೆ ಬಂದರೆ ಮುಗಿಯಿತು. ಹೊಗೆಸೊಪ್ಪಿನ ಕಷಾಯದ ಬಗ್ಗೆ ಮಾತ್ರ ಎಚ್ಚರ: ಮನೆಯಲ್ಲೇ ಮಾಡಿದ್ದು ಅಂತ ನಿರಪಾಯ ಅಲ್ಲ, ಅದರ ನಿಕೋಟಿನ್ ನಮ್ಮ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಅಂಗಡಿಯ ರಾಸಾಯನಿಕಗಳಿಗೆ ಬಿಟ್ಟ ಮೇಲೆ ಇಷ್ಟು ದಿನ ಕೊಯ್ಯಬಾರದು ಅಂತ ಇರುತ್ತದೆ. ಎರಡು ದಿನಕ್ಕೊಮ್ಮೆ ಕೊಯ್ಯುವ ಬೆಂಡೆಗೆ ಆ ಲೆಕ್ಕ ಹೊಂದುವುದೇ ಇಲ್ಲ.

ಬಿಟ್ಟುಬಿಡಬೇಕಾದ ಹುಳಗಳು

ಕೆಲವೊಮ್ಮೆ ಹುಳದ ಮೈಮೇಲೆ ಅಥವಾ ಪಕ್ಕದಲ್ಲಿ ಅಕ್ಕಿಕಾಳಿಗಿಂತ ಸಣ್ಣ ಬಿಳಿ ಗೂಡುಗಳು ಅಂಟಿರುತ್ತವೆ. ಅವು ಹುಳದ ಮೊಟ್ಟೆ ಅಂತ ಹೊಸಕಿ ಹಾಕುವವರೇ ಜಾಸ್ತಿ. ನಿಜಕ್ಕೂ ಅದು ಒಂದು ಸಣ್ಣ ಕಣಜದ ಗೂಡು. ಕಣಜದ ಮರಿಗಳು ಆ ಹುಳವನ್ನು ಒಳಗಿನಿಂದ ತಿಂದು ಮುಗಿಸಿ ಹೊರಗೆ ಬಂದಿವೆ. ಆ ಹುಳ ಇನ್ನು ತಿನ್ನುವುದಿಲ್ಲ, ಅದನ್ನು ಅಲ್ಲೇ ಬಿಟ್ಟರೆ ಇನ್ನಷ್ಟು ಕಣಜ ಹುಟ್ಟುತ್ತವೆ. ಚಗಳಿ ಇರುವೆ, ಮಡಿವಾಳ ಹಕ್ಕಿ, ಕೆಂಬೂತ ಇವರೂ ನಮ್ಮ ಕಡೆಯವರೇ. ಸಿಕ್ಕಿದ್ದನ್ನೆಲ್ಲ ಕೊಲ್ಲುವ ಮದ್ದು ಬಿಟ್ಟರೆ ಮೊದಲು ಹೋಗುವುದು ಕಣಜ, ಹುಳ ಮತ್ತೆ ಬರುತ್ತದೆ, ಕಣಜ ಅಷ್ಟು ಬೇಗ ಬರುವುದಿಲ್ಲ.

ನುಗ್ಗೆಮರದ ಕಾಂಡದಲ್ಲಿ ಗುಂಪಾಗಿ ಕೂರುವ ಕಂಬಳಿಹುಳಕ್ಕೆ ಬರಿಗೈ ಹಾಕಬೇಡಿ. ರೋಮ ತಾಗಿದರೆ ಉಜ್ಜಬೇಡಿ, ಅಂಟುಟೇಪ್ ಒತ್ತಿ ಎಳೆದು ತೆಗೆದು ಸೋಪಿನಲ್ಲಿ ತೊಳೆಯಿರಿ. ಯಾರೆಂದು ಗೊತ್ತಾಗದ ಹುಳ ಸಿಕ್ಕರೆ ತಿನ್ನುತ್ತಿದ್ದ ಎಲೆಯ ಜೊತೆ ಬಾಟಲಿಗೆ ಹಾಕಿ ಮಂಗಳೂರು ಅಥವಾ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಕೇಳಬಹುದು.

ಇದನ್ನೆಲ್ಲ ಗ್ರೂಪಿನಲ್ಲಿ ಹೇಳಿದ ಮೇಲೆ ಚಿಕ್ಕಮ್ಮ ಇನ್ನೊಂದು ಫೋಟೊ ಕಳಿಸಿದರು. ಕುಂಡದ ಬೇವಿನಸೊಪ್ಪಿನ ಗಿಡದ ಮೇಲೆ ಕಾಗೆ ಹಿಕ್ಕೆ ಹಾಕಿದ ಹಾಗೆ ಏನೋ ಇದೆ, ಆದರೆ ಅದು ನಡೆಯುತ್ತಿದೆ ಅಂತ. ಅದು ನಿಂಬೆ ಚಿಟ್ಟೆಯ ಮರಿ. ಹಕ್ಕಿಗಳು ತಿನ್ನದಿರಲಿ ಅಂತ ಆ ವೇಷ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ನಾಲಗೆಯಂಥದ್ದನ್ನು ಹೊರಹಾಕಿ ಘಾಟು ವಾಸನೆ ಬಿಡುತ್ತದೆ. ದೊಡ್ಡ ಗಿಡಕ್ಕೆ ನಾಲ್ಕು ಮರಿ ಲೆಕ್ಕಕ್ಕಿಲ್ಲ, ಕುಂಡದ ಗಿಡವನ್ನು ಮಾತ್ರ ಬೋಳು ಮಾಡುತ್ತವೆ. ಎಲ್ಲವನ್ನೂ ಕಡ್ಡಿಯಲ್ಲಿ ಎತ್ತಿ ಹಿತ್ತಿಲಿನ ನಿಂಬೆ ಗಿಡಕ್ಕೆ ಬಿಡಿ ಅಂದೆ. ಐದರಲ್ಲಿ ಮೂರನ್ನು ಬಿಟ್ಟರಂತೆ. ಎರಡನ್ನು ಮೊಮ್ಮಗಳು ಗಾಜಿನ ಭರಣಿಯಲ್ಲಿ ಎಲೆ ಹಾಕಿ ಇಟ್ಟುಕೊಂಡಿದ್ದಾಳೆ, ದಿನಕ್ಕೆ ಎಷ್ಟು ಎಲೆ ಬೇಕು ಅಂತ ಈಗ ಅವಳ ಪ್ರಶ್ನೆ.